ಕ್ಷತದೇಹದ ಚಿತ್ರಕಾರ: ಫ್ರಾನ್ಸಿಸ್ ನ್ಯೂಟನ್ ಸೋಜಾ

ಬಾದಾಮಿಯ ಮೊದಲನೆಯ ಗುಹಾಲಯಕ್ಕೆ ಬರುವ ಪ್ರವಾಸಿಗಳು ಹೊರಗಿನ ಬಂಡೆಯ ಮೇಲೆ ಹದಿನೆಂಟು ತೋಳುಗಳನ್ನು ಬೀಸಿ ಕುಣಿಯುತ್ತಿರುವ ನಟರಾಜನೆದುರು ನಿಂತು, ಕೈಗಳನ್ನೆಣಿಸಿ ಬೆರಗುಪಟ್ಟು, ಒಳಗಣ ಪಡಸಾಲೆಯನ್ನು ಅವಸರದಿಂದ ಸುತ್ತಿ ಹೊರಡುವುದೇ ವಾಡಿಕೆಯಾಗಿರುವುದರಿಂದ, ಆ ಪಡಸಾಲೆಯ ಒಂದು ಕೊನೆಯಲ್ಲಿ ಅರ್ಧನಾರೀಶ್ವರನ ಮಗ್ಗುಲಿಗೆ ನಿಂತಿರುವ ಭೃಂಗಿಯ ಮೇಲೆ ಬಹುಮಂದಿಯ ದೃಷ್ಟಿ ನಿಲ್ಲುವುದಿಲ್ಲ. ನಿಂತರೆ ಎದೆ ಝಲ್ಲೆನ್ನದೆ ಇರದು. ಶಿವನೊಬ್ಬನಿಗೇ ಪ್ರದಕ್ಷಿಣೆ ಬರುವೆನೆಂದು ಹಟ ಹಿಡಿದು, ಪಾರ್ವತಿಯ ಶಾಪಕ್ಕೆ ಗುರಿಯಾಗಿ, ಮೈಯೊಳಗಣ ರಕ್ತಮಾಂಸಗಳನ್ನೆಲ್ಲ ಕಳೆದುಕೊಂಡ ಆ ಋಷಿಯನ್ನು ಚಾಲುಕ್ಯರ ಶಿಲ್ಪಿಯು ಕೇವಲ ಅಸ್ಥಿಪಂಜರವನ್ನಾಗಿ ಕಡೆದಿದ್ದಾನೆ: ಎಣಿಸಬಹುದಾದಂಥ ಪಕ್ಕೆಲುಬು, ಬೆನ್ನಿಗೆ ಹತ್ತಿದ ಹೊಟ್ಟೆ, ಕಡ್ಡಿಯಾದ ತೊಡೆ. ಸುಂದರಾಕೃತಿಗಳನ್ನು ಇಷ್ಟೊಂದು ಬಲ್ಲ ಆ ಕೈ, ಅದೇ ಕೆಂಪು ಮರಳುಗಲ್ಲಿನಲ್ಲಿ, ದೇವರ ಪಕ್ಕದಲ್ಲಿಯೇ ಇಂಥದೊಂದು ಭಯಂಕರ ದೇಹವನ್ನು ನಿಲ್ಲಿಸಲು ಹಿಂಜರಿಯಲಿಲ್ಲ.

ಹಾಗೆಯೇ ನಾಗನಾಥನಕೊಳ್ಳದಲ್ಲಿ ದೊರೆತು ಈಗ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿರುವ ಲಜ್ಜಾಗೌರಿಯನ್ನು ನೋಡಬೇಕು. ಶಿರಸ್ಸಿನ ಸ್ಥಾನದಲ್ಲಿ ಅರಳಿದ ಕಮಲ, ಮಡಿಸಿ ಅಗಲಿಸಿದ ಕಾಲುಗಳು, ಪ್ರಸವದ ಭಂಗಿ. ಹುನಗುಂದ ಸೀಮೆಯ ಐಹೊಳೆಯಿಂದ ಅನತಿದೂರದ ಸಿದ್ಧನಕೊಳ್ಳದಲ್ಲಿ ಇಂಥದೇ ತಾಯಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಇಳಕಲ್ಲ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದ ಹೆಣ್ಣುಮಕ್ಕಳು ಸಂತಾನಕ್ಕೆಂದು ಹರಕೆ ಹೊತ್ತು ಅಲ್ಲಿಗೆ ಬರುತ್ತಾರೆ. ಆ ಮೂರ್ತಿಯನ್ನು ಕಂಡು ಅವರಾರೂ ಮುಖ ತಿರುಗಿಸಿದ್ದನ್ನು ಕೇಳಿಲ್ಲ.

ಇಷ್ಟನ್ನು ಮೊದಲಿಗೇ ಹೇಳಲು ಕಾರಣವಿದೆ. ಆಧುನಿಕ ಚಿತ್ರಕಲೆಯಲ್ಲಿ ಮನುಷ್ಯಾಕೃತಿಯನ್ನು ತಿರುಚಿ, ಸೀಳಿ, ಚುಚ್ಚಿ ಬರೆದ ಪಟಗಳು ಪತ್ರಿಕೆಯಲ್ಲಿಯೋ ಪುಸ್ತಕದಲ್ಲಿಯೋ ಕಣ್ಣಿಗೆ ಬಿದ್ದಾಗ ನಮ್ಮ ಬಾಗಲಕೋಟೆಯ ಕಡೆಯ ಸಜ್ಜನರು “ಇದೇನ್ರೀ, ಮನಷ್ಯಾರನ್ನ ಹಿಂಗ ಯಾಕ ತಗದಾನ ಇಂವಾ?” ಎಂದು ನಿಜವಾದ ನೋವಿನಿಂದಲೇ ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದು. ಅದಕ್ಕೆ ಉತ್ತರ ಹುಡುಕುವವರಿಗೆ ನಮ್ಮ ನೆರೆಯ ಗೋವೆಯ ಮಣ್ಣಿನಲ್ಲಿಯೇ ಹುಟ್ಟಿದ ಫ್ರಾನ್ಸಿಸ್ ನ್ಯೂಟನ್ ಸೋಜಾನ ಬದುಕು ಮತ್ತು ಕೃತಿಗಳಿಗಿಂತ ತಕ್ಕ ಉದಾಹರಣೆ ಭಾರತದಲ್ಲಿ ಸಿಕ್ಕುವುದು ಕಷ್ಟ. ಗೋವೆಯು ನಮಗೆ ಪರಸ್ಥಳವೂ ಅಲ್ಲ. ಬಾದಾಮಿಯ ಮಂಗಲೇಶನು ಸಮುದ್ರ ದಾಟಿ ಗೆದ್ದನೆನ್ನಲಾದ ರೇವತೀದ್ವೀಪವು ಗೋವೆಯ ಉತ್ತರದ ಅಂಚಿಗಿರುವ ಇಂದಿನ ರೇಡಿಯೆಂದು ಇತಿಹಾಸಜ್ಞರು ಗುರುತಿಸಿದ್ದಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬಾದಾಮಿ ಹುನಗುಂದಗಳ ಹಳ್ಳಿಗಳಿಂದ ಸಂಸಾರಸಮೇತ ಗೋವೆಗೆ ದುಡಿಯಲು ಹೋಗುವವರಿಗೆ ಆ ದಾರಿ ಅಂಗೈಯ ಗೆರೆಯಷ್ಟು ಪರಿಚಿತವಾದುದು.

ಸೋಜಾ ಹುಟ್ಟಿದ್ದು 1924ರ ಏಪ್ರಿಲ್ 12ರಂದು, ಆಗ ಪೋರ್ತುಗೀಜರ ಆಡಳಿತದಲ್ಲಿದ್ದ ಗೋವೆಯ ಸಾಲಿಗಾಂವದಲ್ಲಿ. ತಂದೆ ಶಾಲಾಮಾಸ್ತರ. ಮಗು ಮೂರು ತಿಂಗಳದಾಗಿರುವಾಗಲೇ ಆತ ತೀರಿಕೊಂಡ. ಅದರ ಬೆನ್ನಿಗೇ ಒಬ್ಬಳೇ ಅಕ್ಕನೂ ಹೋದಳು. ತಾಯಿ ಉಳಿದ ಕೂಸನ್ನೆತ್ತಿಕೊಂಡು ಮುಂಬಯಿ ಸೇರಿ, ಬಟ್ಟೆ ಹೊಲಿದು ಹೊಟ್ಟೆ ಹೊರೆದಳು. ಇಳಕಲ್ಲಿನ ಓಣಿಗಳಲ್ಲಿ ಹೊತ್ತು ಮೂಡುವ ಮೊದಲೇ ಮಗ್ಗದ ಕುಣಿಗಿಳಿದು ಸಂಸಾರದ ಭಾರವನ್ನು ತಾವೇ ಎಳೆಯುವ ತಾಯಂದಿರನ್ನು ಕಂಡವರಿಗೆ ಆಕೆಯ ದಿನಗಳ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟರಲ್ಲಿ ಹುಡುಗನಿಗೆ ಸಿಡುಬು ಬಂದಿತು. ಆ ರೋಗವು ಊರೂರನ್ನೇ ಬರಿದುಮಾಡುತ್ತಿದ್ದ ಕಾಲವದು. ನಮ್ಮವರು ದ್ಯಾಮವ್ವನಿಗೋ ಬನಶಂಕರಿಗೋ ಹೊರುವಂತೆ ಆ ತಾಯಿಯೂ ಗೋವೆಯ ಸಂತ ಫ್ರಾನ್ಸಿಸ್ ಝೇವಿಯರನಿಗೆ ಹರಕೆ ಹೊತ್ತಳು: ಮಗು ಉಳಿದರೆ ಪಾದ್ರಿಯನ್ನಾಗಿ ಮಾಡುವೆನೆಂದು. ಮಗು ಉಳಿಯಿತು, ಮುಖದ ಮೇಲೆ ಕಲೆಗಳೂ ಉಳಿದವು, ಹೆಸರಿಗೆ ‘ಫ್ರಾನ್ಸಿಸ್’ ಸೇರಿತು. ಪಾದ್ರಿಯಾಗುವುದೊಂದು ಮಾತ್ರ ನಡೆಯಲಿಲ್ಲ. ಅಪ್ಪನ ಆಯುಸ್ಸನ್ನು ತಾನು ತಿಂದು ಬದುಕಿದೆನೆಂಬ ಭಾವವೂ, ದೇವರಿಗೆ ಸಲ್ಲಬೇಕಾದ ಋಣವೊಂದು ಸಲ್ಲದೆ ಉಳಿದಿದೆಯೆಂಬ ಅಳುಕೂ ಆ ಮನಸ್ಸನ್ನು ಕಡೆಯತನಕ ಬಿಡಲಿಲ್ಲವೆಂದು ಆತನ ಚಿತ್ರಗಳನ್ನು ನೋಡುವಾಗ ನನಗೆ ಅನ್ನಿಸುತ್ತದೆ. ಪಾದ್ರಿಯ ನಿಲುವಂಗಿ ತೊಟ್ಟ, ಸುಖವಿಲ್ಲದ ಮುಖದ ಗಂಡಸು ಅವುಗಳಲ್ಲಿ ಮತ್ತೆ ಮತ್ತೆ ಬಂದು ನಿಲ್ಲುವುದು ಆಕಸ್ಮಿಕವಾಗಿರಲಾರದು.

ರೋಮನ್ ಕ್ಯಾಥೊಲಿಕ್ ಗೋವೆಯ ಇಗರ್ಜಿಗಳು ಆ ಬಾಲಕನಿಗೆ ಮೊದಲ ಚಿತ್ರಶಾಲೆಯಾದವು. ಜರತಾರಿಯ ಉಡುಪು ತೊಟ್ಟ ಪಾದ್ರಿಗಳು, ಮೇಣದ ಬತ್ತಿಗಳ ಬೆಳಕು, ಮರದ ಸಂತರು, ಇವೆಲ್ಲದರ ನಡುವೆ ಕಂಬಕ್ಕೆ ಕಟ್ಟಿಸಿಕೊಂಡು ಚಾವಟಿಯೇಟು ತಿಂದ, ಶಿಲುಬೆಗೆ ಮೊಳೆ ಹೊಡೆಸಿಕೊಂಡ, ರಕ್ತ ಸುರಿಸುತ್ತಿರುವ ಆ ಒಬ್ಬ ಮನುಷ್ಯ. ಅಷ್ಟೊಂದು ವೈಭವದ ಮಧ್ಯದಲ್ಲಿ ಅಷ್ಟೊಂದು ಯಾತನೆ ಏಕಿದೆಯೆಂಬುದು ಹುಡುಗನ ಮನಸ್ಸಿಗೆ ಬಿಡಿಸಲಾರದ ಒಗಟಾಯಿತು.

ಮುಂಬಯಿಯ ಜೆಸ್ಯುಯಿಟ್ ಪಾದ್ರಿಗಳ ಶಾಲೆಯು ಅಶ್ಲೀಲ ಚಿತ್ರ ಗೀಚಿದನೆಂಬ ಆರೋಪದ ಮೇಲೆ ಸೋಜಾನನ್ನು ಹೊರಗೆ ಹಾಕಿತು. ಬೇರೆ ಹುಡುಗರು ಗೋಡೆಯ ಮೇಲೆ ಕೆಟ್ಟದಾಗಿ ಬರೆದಿದ್ದನ್ನು ತಾನು ತಿದ್ದಿದ್ದಷ್ಟೇ ಎಂದು ಆತ ಮುಂದೆ ಹೇಳಿಕೊಳ್ಳುತ್ತಿದ್ದನು. 1940ರಲ್ಲಿ ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿದನು. ಆ ಶಾಲೆಯ ಅಂದಿನ ದಿನಗಳು ನಮಗೂ ಸಂಬಂಧಪಟ್ಟವು: ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರು ಆ ವರ್ಷಗಳಲ್ಲಿ ಅಲ್ಲಿ ಕಲಿಸುತ್ತಿದ್ದರು. ಬಾದಾಮಿಯ ಗುಹೆಯ ಮಾಸಿದ ಭಿತ್ತಿಚಿತ್ರಗಳನ್ನು ಮುಂದೆ ಶ್ರದ್ಧೆಯಿಂದ ಪ್ರತಿಮಾಡಿದ ಜಗನ್ನಾಥ ಅಹಿವಾಸಿಯವರು ಭಾರತೀಯ ಚಿತ್ರಶೈಲಿಯ ಅಧ್ಯಾಪಕರಾಗಿದ್ದರು. ಹೆಬ್ಬಾರರ ರೇಖೆ ನರ್ತಿಸುವ ರೇಖೆ, ಲೋಕದೊಡನೆ ರಾಜಿಯಾದ ಮನಸ್ಸಿನ ರೇಖೆ. ಅದೇ ಅಂಗಳದಲ್ಲಿ ಓಡಾಡಿದ ಸೋಜಾನ ರೇಖೆಯೋ ಮುಳ್ಳಿನಂತೆ ಕೆರೆಯುವಂಥದು. ಚಲೇಜಾವ್ ಚಳವಳಿಯ ಬಿಸಿ ಆರದ ಆ ಕಾಲದಲ್ಲಿ ರಾಷ್ಟ್ರೀಯ ಕಾರ್ಯಗಳಲ್ಲಿ ಕೈಯಿಕ್ಕಿದನೆಂದು 1945ರಲ್ಲಿ ಆ ಶಾಲೆಯೂ ಆತನನ್ನು ಹೊರದೂಡಿತು. ಅಂದು ಸಿಟ್ಟಿನಿಂದ ಮನೆಗೆ ಬಂದವನು ಕುಂಚವನ್ನು ಮುಟ್ಟದೆ, ಬಣ್ಣವನ್ನು ಕೊಳವೆಯಿಂದ ನೇರವಾಗಿ ಹಿಂಡಿ, ಬಣ್ಣ ಕಲಸುವ ಚಾಕುವಿನಿಂದಲೇ ನೀಲಿ ಮೈಯ ಹೆಣ್ಣೊಂದನ್ನು ಬರೆದನಂತೆ. ಆ ಚಾಕುವಿನ ಕಸುವು ಮುಂದಿನ ಕೃತಿಗಳಲ್ಲೆಲ್ಲ ಇದೆ.

1947ರಲ್ಲಿ, ರಾಷ್ಟ್ರವು ಸ್ವತಂತ್ರವಾದ ವರ್ಷದಲ್ಲಿಯೇ, ಸೋಜಾನು ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಎಂಬ ಕಲಾವಿದರನ್ನು ಕೂಡಿಸಿಕೊಂಡು ‘ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್’ ಎಂಬ ಬಳಗವನ್ನು ಕಟ್ಟಿದನು. ಭಾರತದ ಆಧುನಿಕ ಚಿತ್ರಕಲೆಯ ಚರಿತ್ರೆಯಲ್ಲಿ ಈ ಬಳಗಕ್ಕಿರುವ ಸ್ಥಾನ ಎಲ್ಲರೂ ಬಲ್ಲ ಸಂಗತಿ. ನಮ್ಮ ವಿಷಯಕ್ಕೆ ಅದಕ್ಕಿಂತ ಮುಖ್ಯವಾದುದು ಮರುವರ್ಷದ ಒಂದು ಪ್ರಯಾಣ. 1948ರಲ್ಲಿ ದಿಲ್ಲಿಯ ಸರಕಾರೀ ಭವನದಲ್ಲಿ, ಎಂದರೆ ಇಂದಿನ ರಾಷ್ಟ್ರಪತಿಭವನದಲ್ಲಿ, ಲಂಡನ್ನಿನಿಂದ ಮರಳಿ ಬಂದ ಪ್ರಾಚೀನ ಭಾರತೀಯ ಶಿಲ್ಪ ಮತ್ತು ಚಿತ್ರಗಳ ಬೃಹತ್ ಪ್ರದರ್ಶನವೊಂದು ಏರ್ಪಟ್ಟಿತು. ಸೋಜಾನೂ ಹುಸೇನನೂ ಕೂಡಿಯೇ ಹೋಗಿ ನೋಡಿದರು. ಮಥುರೆಯ ಯಕ್ಷಿಯರ ತುಂಬಿದ ಮೈಗಳು, ಬಸೋಹಲಿಯ ಚಿತ್ರಗಳ ಉರಿಯುವ ಕೆಂಪು ಹಳದಿಗಳು ಇಬ್ಬರನ್ನೂ ಅಲುಗಿಸಿಬಿಟ್ಟವು. ಯುರೋಪಿನ ಶಾಸ್ತ್ರೀಯ ದೇಹಪ್ರಮಾಣವನ್ನೇ ಸತ್ಯವೆಂದು ಕಲಿಸಿದ ಶಾಲೆಯಿಂದ ಬಂದವರಿಗೆ, ಪ್ರಮಾಣವನ್ನು ಮೀರಿಯೂ, ಮೀರಿದುದರಿಂದಲೇ, ದೇಹವು ಹೆಚ್ಚು ನಿಜವಾಗಬಲ್ಲುದೆಂಬ ಅರಿವು ಅಲ್ಲಿ ಉಂಟಾಯಿತು. ಸೋಜಾನ ವಿಕಾರಗಳೆಲ್ಲ ಪಿಕಾಸೋವಿನಿಂದ ಕಡ ತಂದವುಗಳೆಂದು ಹೇಳುವವರು ಈ ಪ್ರಯಾಣವನ್ನು ಮರೆಯುತ್ತಾರೆ.

ಸ್ವತಂತ್ರ ಭಾರತವು ಸೋಜಾನನ್ನು ಸಹಿಸಲಿಲ್ಲ. 1949ರಲ್ಲಿ ಆತನ ನಗ್ನ ಸ್ವಚಿತ್ರವನ್ನು ಅಶ್ಲೀಲವೆಂದು ಪ್ರದರ್ಶನದಿಂದ ಇಳಿಸಲಾಯಿತು. ಪೊಲೀಸರು ಮನೆಯನ್ನು ಶೋಧಿಸಿದರು. ಅದೇ ವರ್ಷ ಸೋಜಾ ಹಡಗು ಹತ್ತಿ ಲಂಡನ್ನಿಗೆ ಹೊರಟುಹೋದನು. ಅಲ್ಲಿ ಐದಾರು ವರ್ಷ ದಾರಿದ್ರ್ಯ. ಹೆಂಡತಿ ಮರಿಯಾಳ ದುಡಿಮೆಯ ಮೇಲೆ ಮನೆ ನಡೆಯುತ್ತಿತ್ತು. ಗಂಡನು ಕುಡಿಯುತ್ತಿದ್ದನು, ಬರೆಯುತ್ತಿದ್ದನು, ಒಬ್ಬನಾದರೂ ಕೊಳ್ಳುವನೇ ಎಂದು ಕಾಯುತ್ತಿದ್ದನು. 1955ರಲ್ಲಿ ದೆಸೆ ತಿರುಗಿತು. ಕವಿ ಸ್ಟೀಫನ್ ಸ್ಪೆಂಡರ್ ತನ್ನ ಸಂಪಾದಕತ್ವದ ‘ಎನ್‌ಕೌಂಟರ್’ ಪತ್ರಿಕೆಯಲ್ಲಿ ಸೋಜಾನ ಆತ್ಮಕಥನದ ಲೇಖನವೊಂದನ್ನು ಅಚ್ಚು ಹಾಕಿದನು. ತನ್ನನ್ನು ಹುಳುವಿಗೆ ಹೋಲಿಸಿಕೊಂಡು ಅದಕ್ಕೆ ನಿರ್ವಾಣವನ್ನು ಆರೋಪಿಸಿದ ಅದರ ಶೀರ್ಷಿಕೆಯೇ ಲೇಖಕನ ಮನೋಧರ್ಮವನ್ನು ಹೇಳುತ್ತದೆ. ಅದೇ ವೇಳೆಗೆ ವಿಕ್ಟರ್ ಮಸ್‌ಗ್ರೇವನ ಗ್ಯಾಲರಿಯಲ್ಲಿ ನಡೆದ ಪ್ರದರ್ಶನದ ಚಿತ್ರಗಳೆಲ್ಲ ಮಾರಾಟವಾದವು. ಹೆರಾಲ್ಡ್ ಕೋವ್ನರ್ ಎಂಬ ಅಮೇರಿಕದ ಶ್ರೀಮಂತನು ನಾಲ್ಕಾರು ವರ್ಷ ನಿಯತವಾಗಿ ಹಣವಿತ್ತು ಚಿತ್ರಗಳನ್ನು ಪಡೆಯುತ್ತ ಹೋದನು.

‘ಜನನ’ವೆಂಬ ಪ್ರಸಿದ್ಧ ಚಿತ್ರವು ಈ 1955ರದೇ. ಎಂಟು ಅಡಿ ಉದ್ದ, ನಾಲ್ಕು ಅಡಿ ಎತ್ತರದ ಹಲಗೆಯ ಮೇಲೆ ಗರ್ಭಿಣಿ ಸ್ತ್ರೀಯೊಬ್ಬಳು ವಿವಸ್ತ್ರಳಾಗಿ ಮಲಗಿದ್ದಾಳೆ. ಗಟ್ಟಿಯಾದ ಕಪ್ಪು ಗೆರೆಗಳು ಕಿಟಕಿಯ ಸೀಸದ ಕಟ್ಟಿನಂತೆ ಮೈಯ ಒಂದೊಂದು ಭಾಗವನ್ನೂ ಬಂಧಿಸಿ ಹಿಡಿದಿವೆ. ಹೊಟ್ಟೆ ಮೇಲೆದ್ದಿದೆ. ಕೂದಲಿಗೆ ಚುಚ್ಚಿದ ಪಿನ್ನುಗಳು ಮುಳ್ಳಿನ ಕಿರೀಟವನ್ನು ನೆನಪಿಗೆ ತರುವಂತಿವೆ. ಹಿಂದೆ ಪಾದ್ರಿಯ ಉಡುಪಿನವನಂತೆ ಕಾಣುವ ಗಂಡಸು ನಿಂತಿದ್ದಾನೆ. ಆತ ಕೈನೀಡುವುದಿಲ್ಲ, ಓಡಿಹೋಗುವುದೂ ಇಲ್ಲ, ನಿಂತಿದ್ದಾನೆ ಅಷ್ಟೆ. ಮೇಜಿನ ಮೇಲೆ ಪಾತ್ರೆಪಡಗಗಳು, ಕಿಟಕಿಯಾಚೆ ಊರಿನ ಮನೆಗಳು. ಪ್ರಸವವೆಂಬ ಮಹಾಘಟನೆಯು ನಡೆಯುತ್ತಿರುವಾಗಲೂ ಲೋಕವು ತನ್ನ ಪಾಡಿಗೆ ತಾನು ಇದೆ. ಆಕೆ ಸೋಜಾನ ಸಂಗಾತಿಯಾಗಿದ್ದ ಲೀಸೆಲೋಟೆಯೆಂದು ಹೇಳುತ್ತಾರೆ. ತಂದೆಯ ಮರಣದೊಂದಿಗೆ ಹೆಣೆದುಕೊಂಡ ತನ್ನದೇ ಜನನವನ್ನೂ ಚಿತ್ರಕಾರನು ಅಲ್ಲಿ ನೋಡುತ್ತಿದ್ದನೆಂದು ಊಹಿಸಿದರೆ ತಪ್ಪಾಗದು.

ಈ ಚಿತ್ರವನ್ನು ಸಿದ್ಧನಕೊಳ್ಳದ ತಾಯಿಯ ಪಕ್ಕಕ್ಕಿಟ್ಟು ನೋಡುವ ಆಸೆ ನನಗೆ ಬಹುಕಾಲದಿಂದ ಇದೆ. ಎರಡರಲ್ಲಿಯೂ ಹೆಣ್ಣಿನ ದೇಹ ಮರೆಯಿಲ್ಲದೆ ತೆರೆದಿದೆ. ಎರಡರಲ್ಲಿಯೂ ಹೆರುವುದೆಂಬುದು ಸುಕುಮಾರವಾದ ಕ್ರಿಯೆಯಲ್ಲವೆಂಬ ಅರಿವು ಇದೆ. ಆದರೆ ಲಜ್ಜಾಗೌರಿಯ ತಲೆಯ ಜಾಗದಲ್ಲಿ ಕಮಲ ಅರಳಿದೆ, ಎಂದರೆ ಆ ಯಾತನೆಯು ಒಬ್ಬಳದಾಗಿ ಉಳಿಯದೆ ನೆಲ, ನೀರು, ಬೆಳೆ, ಸಂತಾನಗಳ ಸಮಸ್ತಕ್ಕೆ ಸೇರಿಹೋಗಿದೆ. ಎಣ್ಣೆ ಕುಂಕುಮಗಳನ್ನು ಹಚ್ಚುವ ಕೈಗಳು ಅದನ್ನು ದಿನವೂ ಸೇರಿಸುತ್ತಿವೆ. ಸೋಜಾನ ಸ್ತ್ರೀಗೆ ತನ್ನದೇ ತಲೆಯಿದೆ, ತನ್ನದೇ ಮುಖವಿದೆ. ಅವಳ ನೋವು ಅವಳೊಬ್ಬಳದೇ. ಭೃಂಗಿಯ ವಿಷಯವೂ ಹೀಗೆಯೇ. ಆ ಅಸ್ಥಿಪಂಜರವನ್ನು ಎತ್ತಿಹಿಡಿಯಲು ಪಕ್ಕದಲ್ಲಿ ದೇವರಿದ್ದಾನೆ, ಕಥೆಯಿದೆ, ಕಥೆಯನ್ನು ನಂಬುವ ಜನಸಮುದಾಯವಿದೆ. ಇಪ್ಪತ್ತನೆಯ ಶತಮಾನದ ಕಲಾವಿದನಿಗೆ ಆ ಆವರಣವು ಮುರಿದುಹೋಗಿ, ಕ್ಷತವಾದ ದೇಹವೊಂದೇ ಕೈಯಲ್ಲುಳಿಯಿತು. ಆಧುನಿಕ ಚಿತ್ರವು ನಮ್ಮನ್ನು ಕಂಗೆಡಿಸುವುದು ಅದರಲ್ಲಿನ ವಿಕಾರದಿಂದಲ್ಲ, ಆ ವಿಕಾರದ ಸುತ್ತ ಯಾವ ಆಶ್ರಯವೂ ಇಲ್ಲದಿರುವುದರಿಂದ ಎಂದು ನಾನು ತಿಳಿದಿದ್ದೇನೆ.

ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ 1959ರ ‘ಶಿಲುಬೆಗೇರಿಕೆ’ಯನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ನಾಲ್ಕೈದು ನೂರು ವರ್ಷ ಯುರೋಪಿನ ಚಿತ್ರಕಾರರು ಬರೆದ ಗೌರವರ್ಣದ, ಸಾವಿನಲ್ಲಿಯೂ ಸುಂದರನಾದ ಕ್ರಿಸ್ತನು ಇಲ್ಲಿಲ್ಲ. ಇಲ್ಲಿರುವವನು ಕಪ್ಪು ಮೈಯವನು. ಬಾಯಿ ತೆರೆದಿದೆ, ಹಲ್ಲು ಕಾಣುತ್ತಿವೆ, ಮುಳ್ಳುಗಳು ಕಿರೀಟದಲ್ಲಿ ಮಾತ್ರ ನಿಲ್ಲದೆ ಮೈಯೆಲ್ಲವೂ ಮುಳ್ಳಿನಿಂದಲೇ ಕಟ್ಟಲ್ಪಟ್ಟಂತಿದೆ. ಕ್ಷಮಿಸುವ ಶಾಂತಿಯನ್ನು ಆ ಮುಖದಲ್ಲಿ ಹುಡುಕಿದರೆ ಸಿಕ್ಕದು. ಪೋರ್ತುಗೀಜರ ದೇವರಿಗೆ ಮುಡಿಪಾಗಿದ್ದ ಗೋವೆಯ ಕರಿಯ ಹುಡುಗನು ಆ ದೇವರಿಗೆ ತನ್ನ ಬಣ್ಣವನ್ನೂ ತನ್ನ ನೋವನ್ನೂ ಕೊಟ್ಟು ಹರಕೆಯನ್ನು ತೀರಿಸಿದ ಬಗೆಯಿದು ಎನ್ನೋಣವೇ? ಹಾಗೆನ್ನುವುದೇ ನ್ಯಾಯವೆಂದು ನನಗೆ ತೋರುತ್ತದೆ. ಧರ್ಮವನ್ನು ಅವಮಾನಿಸುವ ಮನಸ್ಸು ಒಂದು ವಿಷಯವನ್ನು ಬಾಳಿನುದ್ದಕ್ಕೂ ಇಷ್ಟು ಸಲ ಬರೆಯುವುದಿಲ್ಲ.

ಆ ಕಾಲದ ಸೋಜಾನ ತಲೆಗಳು ಕಲಾಲೋಕದಲ್ಲಿ ಬೇರೆಯೇ ಒಂದು ಜಾತಿ. ಕಣ್ಣುಗಳು ಹಣೆಯ ತುದಿಗೆ ಏರಿಹೋಗಿವೆ, ಮೂಗು ಉದ್ದವಾದ ಕೊಳವೆ, ಹಲ್ಲುಗಳು ಸಾಲಾಗಿ ನೆಟ್ಟ ಗೂಟಗಳು, ಕುತ್ತಿಗೆಯಲ್ಲಿ ಬಾಣಗಳು. ಇವರು ಪಾದ್ರಿಗಳು, ಶ್ರೀಮಂತರು, ಸೂಟು ತೊಟ್ಟ ಪ್ರತಿಷ್ಠಿತರು. ಅದೇ ಲಂಡನ್ನಿನಲ್ಲಿ ಅದೇ ವರ್ಷಗಳಲ್ಲಿ ಫ್ರಾನ್ಸಿಸ್ ಬೇಕನ್ ಎಂಬ ಚಿತ್ರಕಾರನು ವೆಲಾಸ್ಕೆಸನು ಬರೆದಿದ್ದ ಹತ್ತನೆಯ ಇನ್ನೊಸೆಂಟ್ ಪೋಪನ ಚಿತ್ರವನ್ನು ಮತ್ತೆ ಮತ್ತೆ ಬರೆದು, ಸಿಂಹಾಸನದ ಮೇಲೆಯೇ ಆ ಪೋಪನು ಚೀರುವಂತೆ ಮಾಡುತ್ತಿದ್ದನು. ಎರಡು ಮಹಾಯುದ್ಧಗಳು, ಯಾತನಾಶಿಬಿರಗಳು, ಅಣುಬಾಂಬು ಇವುಗಳನ್ನು ಕಂಡ ಪೀಳಿಗೆಗೆ ಮನುಷ್ಯನ ಮುಖವನ್ನು ಹಿಂದಿನಂತೆ ನಿಶ್ಚಿಂತವಾಗಿ ಬರೆಯುವುದು ಸುಳ್ಳು ಹೇಳಿದಂತೆ ಅನ್ನಿಸಿತು. ಬೇಕನ್ನನ ಮಾಂಸವು ಕರಗಿ ಸೋರುತ್ತದೆ. ಸೋಜಾನ ದೇಹವು ರೇಖೆಯ ಬಲದಿಂದ ಗಟ್ಟಿಯಾಗಿ ನಿಂತುಕೊಂಡೇ ನೋಯುತ್ತದೆ. ನಮ್ಮ ಕಲ್ಲುಕುಟಿಗರ ವಂಶದ ಗುಣ ಅಲ್ಲಿ ಕಾಣುತ್ತದೆ.

ಆದರೆ ಒಂದು ಮಾತನ್ನು ಮುಚ್ಚಿಡಲಾಗದು. ಸೋಜಾ ಬರೆದ ನಗ್ನ ಸ್ತ್ರೀಯರೆಲ್ಲರ ಬಗೆಗೂ ಇದೇ ಗೌರವದಿಂದ ಮಾತಾಡಲು ನನಗೆ ಸಾಧ್ಯವಿಲ್ಲ. ಅವುಗಳಲ್ಲಿ ಎಷ್ಟೋ ಚಿತ್ರಗಳಲ್ಲಿ ಹೆಣ್ಣು ಬರಿಯ ಆಸೆಯ ವಸ್ತುವಾಗಿಯೂ, ಆಸೆಯ ಹಿಂದೆಯೇ ಬರುವ ಹೇಸಿಕೆಯ ವಸ್ತುವಾಗಿಯೂ ಕಾಣುತ್ತಾಳೆ. ಚಾಕುವಿನ ಕಸುವು ಅಲ್ಲಿ ಕ್ರೌರ್ಯಕ್ಕೆ ತಿರುಗುತ್ತದೆ. ಜೀವನದಲ್ಲಿಯೂ ಸೋಜಾನ ಹೆಂಡಂದಿರು, ಸಂಗಾತಿಯರು ಪಟ್ಟ ಪಾಡು ಸಣ್ಣದಲ್ಲ. ಮರಿಯಾಳ ದುಡಿಮೆಯನ್ನು ಉಂಡವನು ಅವಳನ್ನು ಬಿಟ್ಟನು. ಲೀಸೆಲೋಟೆಯಲ್ಲಿ ಮೂವರು ಹೆಣ್ಣುಮಕ್ಕಳನ್ನು ಪಡೆದು ಅವಳಿಂದಲೂ ದೂರವಾದನು. 1965ರಲ್ಲಿ, ತನಗೆ ನಲವತ್ತು ಮೀರಿದ ಮೇಲೆ, ಹದಿನೇಳು ವರ್ಷದ ಬಾರ್ಬರಾಳನ್ನು ಮದುವೆಯಾದನು. ಕಲಾವಿದನ ಪ್ರತಿಭೆಯು ಇದಕ್ಕೆಲ್ಲ ಪರಿಹಾರಪತ್ರವಾಗದು. ಕೃತಿಯ ಸತ್ಯವನ್ನೂ ಕರ್ತೃವಿನ ದೋಷವನ್ನೂ ಎರಡು ಕಣ್ಣುಗಳಿಂದ ಏಕಕಾಲದಲ್ಲಿ ನೋಡುವುದನ್ನು ಪ್ರೇಕ್ಷಕನು ಕಲಿಯಬೇಕು. ಒಂದನ್ನು ಮುಚ್ಚಿಕೊಂಡರೆ ಚಿತ್ರವೂ ಅರ್ಧವೇ ಕಾಣುತ್ತದೆ.

1960ರ ಸುಮಾರಿಗೆ ಸೋಜಾನು ಕುಡಿತವನ್ನು ಬಿಟ್ಟನು. ಆ ದಶಕದ ನಡುವೆ ಬರೆದ ಕಪ್ಪು ಚಿತ್ರಗಳಲ್ಲಿ ಕಪ್ಪೊಂದೇ ಬಣ್ಣವಿದೆ. ಗೆರೆಗಳೆಲ್ಲ ಬಣ್ಣದ ದಪ್ಪದಲ್ಲಿ ಮೂಡಿವೆ. ಬೆಳಕು ಓರೆಯಾಗಿ ಬಿದ್ದಾಗ ಮಾತ್ರ ಒಂದು ಮುಖ ತೋರುತ್ತದೆ. ಎರಡು ಹೆಜ್ಜೆ ಆಚೆಗೆ ಸರಿದರೆ ಆ ಮುಖ ಇಲ್ಲ. ಬಾದಾಮಿಯ ಗುಹೆಗಳ ಒಳಗೋಡೆಗಳನ್ನು ಸಂಜೆಯ ಹೊತ್ತಿನಲ್ಲಿ ನೋಡಿದವರಿಗೆ ಈ ಅನುಭವ ಹೊಸದೇನೂ ಅಲ್ಲ. 1967ರಲ್ಲಿ ನ್ಯೂಯಾರ್ಕಿಗೆ ಹೋಗಿ ನೆಲೆಸಿದ ಮೇಲೆ ಪತ್ರಿಕೆಗಳ ಅಚ್ಚಾದ ಚಿತ್ರಗಳನ್ನು ರಾಸಾಯನಿಕ ದ್ರವಗಳಿಂದ ಕರಗಿಸಿ, ಅದರ ಮೇಲೆ ಬರೆಯುವ ಹೊಸ ವಿಧಾನವನ್ನು ಹಿಡಿದನು. ಆ ಮೂರು ದಶಕಗಳ ಕೆಲಸ ಪ್ರಮಾಣದಲ್ಲಿ ಅಪಾರ, ಗುಣದಲ್ಲಿ ಏರುಪೇರು. ಯೌವನದ ಬೆಂಕಿಗೆ ಸಮನಾದುದು ಅದರಲ್ಲಿ ವಿರಳ. ಲಂಡನ್ ಕ್ರಮೇಣ ಸೋಜಾನನ್ನು ಮರೆಯಿತು. ನ್ಯೂಯಾರ್ಕು ಎಂದೂ ಸರಿಯಾಗಿ ಗುರುತಿಸಲೇ ಇಲ್ಲ.

2002ರ ಮಾರ್ಚ್ 28ರಂದು, ಹಿಂದೊಮ್ಮೆ ಪೊಲೀಸರ ಕಾಟಕ್ಕೆ ಬೇಸತ್ತು ಬಿಟ್ಟುಹೋಗಿದ್ದ ಮುಂಬಯಿಯಲ್ಲಿಯೇ ಸೋಜಾ ತೀರಿಕೊಂಡನು. ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಸಮಾಧಿಯಾಯಿತು. ಹಣವು ಅನಂತರ ಬಂದಿತು. ‘ಜನನ’ವು 2008ರ ಹರಾಜಿನಲ್ಲಿ ಸುಮಾರು 25 ಲಕ್ಷ ಡಾಲರುಗಳಿಗೂ, 2015ರಲ್ಲಿ 40 ಲಕ್ಷ ಡಾಲರುಗಳಿಗೂ ಮಿಕ್ಕಿ ಮಾರಾಟವಾಗಿ ಪತ್ರಿಕೆಗಳ ತಲೆಬರಹವಾಯಿತು. ಬೆಲೆಯ ಸುದ್ದಿಯನ್ನು ಆಸಕ್ತಿಯಿಂದ ಓದಿದವರಲ್ಲಿ ಆ ಹಲಗೆಯ ಮೇಲೆ ಹೆರಿಗೆಯ ನೋವು ತಿನ್ನುತ್ತ ಮಲಗಿದವಳ ಮುಖವನ್ನು ನೋಡಿದವರು ಎಷ್ಟು ಮಂದಿಯೋ ಎಂದು ಮನಸ್ಸಿಗೆ ನೋವಾಗುತ್ತದೆ. 2018ರಲ್ಲಿ ಲಂಡನ್ನಿನ ಟೇಟ್ ಬ್ರಿಟನ್, ಮನುಷ್ಯದೇಹವನ್ನು ನಿರ್ದಾಕ್ಷಿಣ್ಯವಾಗಿ ಬರೆದ ಒಂದು ಶತಮಾನದ ಚಿತ್ರಕಾರರನ್ನು ಒಂದೇ ಪ್ರದರ್ಶನದಲ್ಲಿ ಕೂಡಿಸಿತು. ಬೇಕನ್, ಲೂಸಿಯನ್ ಫ್ರಾಯ್ಡ್ ಮೊದಲಾದವರ ಕೃತಿಗಳಿದ್ದ ಆ ಪ್ರದರ್ಶನದಲ್ಲಿ ಸಾಲಿಗಾಂವದ ಶಾಲಾಮಾಸ್ತರನ ಮಗ ಬರೆದ ಚಿತ್ರಗಳಿಗೂ ಸ್ಥಾನ ದೊರಕಿತು.